ಫ್ಲಾಸ್ಕಿನ ಕಾಫಿ, ಹುಡುಗಿಯ ಎಡಗಿವಿ

ನಾನು ಮಕ್ಕಳನ್ನು ಹೊಡೆಯುತ್ತಿದ್ದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಕಾಫಿಯ ವಿಷಯ ಬರುತ್ತದೆ, ನನ್ನ ಹೊಟ್ಟೆಯ ಹುಣ್ಣು ಬರುತ್ತದೆ, ಆಸ್ಪತ್ರೆ ಬರುತ್ತದೆ. ಅದನ್ನೆಲ್ಲ ಓದಿ ಯಾರೂ ನನಗಾಗಿ ಮರುಗುವುದು ಬೇಡ.

ಅದು ಎಂಬತ್ತರ ದಶಕದ ಆರಂಭ. ಹೈದರಾಬಾದಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಆರನೇ, ಏಳನೇ ಇಯತ್ತೆಗೆ ಗಣಿತ ಕಲಿಸುತ್ತಿದ್ದೆ. ನನಗಾಗ ಮೂವತ್ನಾಲ್ಕು ವರ್ಷ. ಮನೆ ನಾರಾಯಣಗೂಡದ ಒಂದು ಓಣಿಯಲ್ಲಿ. ಗಂಡ ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಎಂಟು ಗಂಟೆಯ ಬಸ್ಸು ಹಿಡಿದರೆ ಮನೆಗೆ ಬರುವುದು ಸಂಜೆ ಏಳಕ್ಕೆ. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಮೂರನೆಯವರು ನನ್ನ ಅತ್ತೆ. ಬೀದರಿನ ಕಡೆಯವರು, ಮಾತು ಕಡಿಮೆ. ಆಡಿದರೆ ಮಾತ್ರ ಎದುರಿನವರಿಗೆ ಉತ್ತರ ಉಳಿಯುತ್ತಿರಲಿಲ್ಲ.

ನಮ್ಮ ಕಡೆಯವರು ಚಹಾದವರು. ನನ್ನ ತವರಿನಲ್ಲಿ ಕಾಫಿಪುಡಿಯ ಡಬ್ಬಿಯೇ ಇರಲಿಲ್ಲ. ಬಿ.ಎಡ್. ಓದುವಾಗ ಹಾಸ್ಟೆಲ್ಲಿನ ಗೆಳತಿಯೊಬ್ಬಳು ಫಿಲ್ಟರ್ ಕಾಫಿಯ ರುಚಿ ಹತ್ತಿಸಿದಳು. ಮದುವೆಯಾಗಿ ನಾರಾಯಣಗೂಡಕ್ಕೆ ಬಂದಾಗ ಓಣಿಯ ತುದಿಯಲ್ಲೇ ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಇತ್ತು. ಬೆಳಿಗ್ಗೆ ಗಿರಣಿ ಶುರುವಾದರೆ ಆ ವಾಸನೆ ನಮ್ಮ ಅಡಿಗೆಮನೆಯವರೆಗೂ ಬರುತ್ತಿತ್ತು. ನಾಲ್ಕೈದು ವರ್ಷಗಳಲ್ಲಿ ಅದು ಎಲ್ಲಿಗೆ ಮುಟ್ಟಿತೆಂದರೆ, ಎದ್ದ ಕೂಡಲೇ ಎರಡು ಲೋಟ, ಶಾಲೆಗೆ ಹೊರಡುವ ಮುಂಚೆ ಒಂದು, ಶಾಲೆಗೆ ಒಯ್ಯಲು ದೊಡ್ಡ ಫ್ಲಾಸ್ಕಿನ ತುಂಬ. ಅದು ಮಧ್ಯಾಹ್ನದೊಳಗೆ ಖಾಲಿ. ಆಮೇಲೆ ಶಾಲೆಯ ಆಯಾ ಎದುರಿನ ಇರಾನಿ ಹೋಟೆಲಿನಿಂದ ಅದೇ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು. ತಾಸುಗಟ್ಟಲೆ ಕುದ್ದು ಇಟ್ಟಿಗೆ ಬಣ್ಣಕ್ಕೆ ಬಂದ ಚಹಾ. ಮನೆಗೆ ಬಂದು ಮತ್ತೆ ಎರಡು ಲೋಟ ಕಾಫಿ. ಊಟದ ಡಬ್ಬಿ ಎಷ್ಟೋ ದಿನ ಮುಚ್ಚಳ ತೆಗೆಯದೆ ವಾಪಸು ಬರುತ್ತಿತ್ತು. ಅತ್ತೆ ಡಬ್ಬಿ ತೆರೆದು ನೋಡಿ, ಆ ಅನ್ನವನ್ನು ಓಣಿಯ ಹಸುವಿಗೆ ಹಾಕುತ್ತಿದ್ದರು.

ತಲೆನೋವು ಬರುತ್ತಿತ್ತು. ಅದಕ್ಕೆ ಔಷಧದಂಗಡಿಯ ಗುಳಿಗೆ, ದಿನಕ್ಕೆ ಎರಡು, ಕೆಲವು ದಿನ ನಾಲ್ಕು. ಬರಿಹೊಟ್ಟೆಯಲ್ಲಿ ಕಾಫಿಯ ಜೊತೆಗೇ ನುಂಗುತ್ತಿದ್ದೆ. ನಿದ್ದೆ ಹೋಗಿತ್ತು. ಎದೆಯೊಳಗೆ ಯಾರೋ ಓಡಿಹೋದ ಹಾಗೆ ಆಗಾಗ ಧಡಧಡ. ಹೊಟ್ಟೆಯ ಮೇಲ್ಭಾಗದಲ್ಲಿ ಕೆಂಡ. ಬಲಗೈ ನಡುಗುವುದನ್ನು ಮುಚ್ಚಲು ಹಲಗೆಯ ಮೇಲೆ ಸೀಮೆಸುಣ್ಣವನ್ನು ಒತ್ತಿ ಹಿಡಿಯುತ್ತಿದ್ದೆ, ಅದು ಪಟ್ಟನೆ ಮುರಿಯುತ್ತಿತ್ತು. ಮುರಿದ ಸದ್ದಿಗೆ ಮುಂದಿನ ಸಾಲಿನ ಮಕ್ಕಳು ಭುಜ ಕುಗ್ಗಿಸಿಕೊಳ್ಳುತ್ತಿದ್ದರು. ಅದರ ಹಿಂದೆಯೇ ನನ್ನ ಮರದ ಪಟ್ಟಿ ಮೇಲೇಳುತ್ತದೆಂದು ಅವರಿಗೆ ಗೊತ್ತಿತ್ತು.

ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದೆ. ಪಟ್ಟಿಯ ಅಂಚಿನಿಂದ. ಮೊಣಕಾಲಿನ ಹಿಂಬದಿಗೆ ಹೊಡೆಯುತ್ತಿದ್ದೆ. ಜಡೆ ಹಿಡಿದು ಹಲಗೆಯವರೆಗೆ ಎಳೆದೊಯ್ದದ್ದೂ ಉಂಟು. ತಂದೆತಾಯಿಗಳು ಬಂದರೆ, "ಹೊಡೀರಿ ಅಕ್ಕೋರ, ಹೊಡದರ ವಿದ್ಯಾ ಹತ್ತತೈತಿ" ಎನ್ನುವ ಕಾಲ ಅದು. ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ.

ಒಂದು ಸಲ ಊರಲ್ಲಿ ಗಲಾಟೆಯಾಗಿ ಕರ್ಫ್ಯೂ ಹಾಕಿದರು. ಎರಡನೆಯ ದಿನ ನಮ್ಮ ಮನೆಯಲ್ಲಿ ಕಾಫಿಪುಡಿ ಮುಗಿಯಿತು, ಚಹಾಪುಡಿಯೂ ಮುಗಿಯಿತು. ಮೂರನೆಯ ದಿನ ಬೆಳಿಗ್ಗೆ ಕಣ್ಣಿನ ಹಿಂದಿನಿಂದ ನೋವು ಎದ್ದು ಇಡೀ ತಲೆಯನ್ನು ಹಿಂಡಿತು. ಬೆಳಕು ಕಂಡರೆ ವಾಂತಿ ಬರುವ ಹಾಗಾಗುತ್ತಿತ್ತು. ಫಿಲ್ಟರನ್ನು ಬಿಚ್ಚಿ, ಅದರಲ್ಲಿ ಉಳಿದಿದ್ದ ಹಳೆಯ ಚರಟಕ್ಕೆ ಬಿಸಿನೀರು ಹೊಯ್ದೆ. ಇಳಿದದ್ದು ಕೊಳೆನೀರು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಗುತ್ತಲೇ ಅಂದರು:

"ಎರಡ ದಿನಾ ಕಾಫಿ ಬಿಟ್ರ ಯಾರೂ ಸಾಯೂದಿಲ್ಲ ಬಿಡು."

ಕೈಯಲ್ಲಿದ್ದ ಹಿತ್ತಾಳೆಯ ಫಿಲ್ಟರಿನ ಮೇಲ್ಭಾಗವನ್ನು ಅವರ ಮುಖಕ್ಕೆ ಎಸೆದೆ. ಗುರಿ ಇಟ್ಟೇ ಎಸೆದೆ. ಅದರ ಅಂಚು ಎಡಹುಬ್ಬನ್ನು ಸೀಳಿತು. ಅವರು ಗೋಡೆಗೆ ಬೆನ್ನು ಹಚ್ಚಿ ಮೆಲ್ಲಗೆ ಕುಳಿತರು. ರಕ್ತ ಕಣ್ಣಿಗಿಳಿದು ಗದ್ದದಿಂದ ಬನಿಯನ್ನಿನ ಮೇಲೆ ತೊಟ್ಟಿಕ್ಕಿತು. ಅತ್ತೆ ಓಡಿಬಂದು ಅರಿಷಿಣ ಒತ್ತಿ, ತಮ್ಮ ಸೀರೆಯ ಸೆರಗನ್ನು ಹರಿದು ಕಟ್ಟಿದರು. ಕಟ್ಟುತ್ತಾ ನನ್ನ ಕಡೆ ನೋಡದೆ ಹೇಳಿದರು:

"ಸೆರೆ ಕುಡಿಯೋರ ಮನ್ಯಾಗ ಹಿಂಗ ಆಗ್ತೈತಿ ಅಂತ ಕೇಳಿದ್ದೆ. ಕಾಫಿ ಕುಡಿಯೋರ ಮನ್ಯಾಗ ನೋಡಿದ್ದು ಇದ ಮೊದಲು."

ಆ ಮಧ್ಯಾಹ್ನ ಎರಡು ತಾಸು ಕರ್ಫ್ಯೂ ಸಡಿಲಿಸಿದರು. ನಾನು ಚಪ್ಪಲಿ ಮೆಟ್ಟಿ ಓಡಿದೆ. ಡಾಕ್ಟರ ಹತ್ತಿರ ಅಲ್ಲ, ಕಾಫಿಪುಡಿಯ ಅಂಗಡಿಗೆ. ಜನ ಅಕ್ಕಿಗೂ ಹಾಲಿಗೂ ಒಬ್ಬರ ಮೈಮೇಲೊಬ್ಬರು ಬೀಳುತ್ತಿದ್ದರು. ನಾನೂ ಮೊಣಕೈಯಿಂದ ಒಬ್ಬ ಮುದುಕಿಯ ಪಕ್ಕೆಗೆ ತಿವಿದು ಮುಂದೆ ಹೋದೆ. ಮನೆಗೆ ಬಂದು ಹಾಲಿಲ್ಲದ ಕಾಫಿಯನ್ನು ಮೂರು ಲೋಟ ಕುಡಿದೆ. ಅರ್ಧ ತಾಸಿನಲ್ಲಿ ತಲೆ ಬಿಟ್ಟಿತು. ಆಮೇಲೆ ನೋಡಿದರೆ ಗಂಡ ಮನೆಯಲ್ಲಿರಲಿಲ್ಲ. ತಾವೇ ನಡೆದು ಹೋಗಿ ಹತ್ತಿರದ ಕಂಪೌಂಡರನಿಂದ ಐದು ಹೊಲಿಗೆ ಹಾಕಿಸಿಕೊಂಡು ಬಂದರು. ಕೇಳಿದವರಿಗೆಲ್ಲ ಕಪಾಟಿನ ಬಾಗಿಲು ಬಡಿಯಿತು ಎಂದರು.

ಅದಾಗಿ ಎರಡು ತಿಂಗಳಿಗೆ ಆ ಹುಡುಗಿಯ ಪ್ರಸಂಗ.

ಏಳನೇ ಇಯತ್ತೆಯ ಹುಡುಗಿ. ತಂದೆ ಇರಲಿಲ್ಲ. ರಾಯಚೂರಿನ ಕಡೆಯವರು. ತಾಯಿ ಬೇಗಂ ಬಜಾರಿನ ಒಂದು ಗೋದಾಮಿನಲ್ಲಿ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗಿ ದಡ್ಡಿಯಲ್ಲ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುವ ಧೈರ್ಯ ಇದ್ದವಳು. ನನ್ನ ತರಗತಿಯಲ್ಲಿ ಅಂಥ ಧೈರ್ಯ ಉಳಿಸಿಕೊಂಡವಳು ಅವಳೊಬ್ಬಳೇ.

ಆ ದಿನ ಹನ್ನೊಂದು ಗಂಟೆಗೇ ಫ್ಲಾಸ್ಕು ಖಾಲಿಯಾಗಿತ್ತು. ಹಿಂದಿನ ಮೂರು ದಿನ ನಾನು ಮಲಗಿದ್ದೆಲ್ಲ ಸೇರಿಸಿದರೂ ಒಂದು ಒಳ್ಳೆಯ ನಿದ್ದೆಯಾಗುತ್ತಿರಲಿಲ್ಲ. ಎರಡು ಗುಳಿಗೆ ನುಂಗಿ ತರಗತಿಗೆ ಹೋದೆ. ಭಿನ್ನರಾಶಿಯ ಕೂಡುವ ಲೆಕ್ಕ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸು ಎಂದು ಅವಳನ್ನು ಹಲಗೆಗೆ ಕರೆದೆ. ಐದನೆಯ ಎರಡು ಎಂದು ಬರೆದಳು. ಅಳಿಸಿ ಮತ್ತೆ ಬರೆ ಅಂದೆ. ಮತ್ತೆ ಅದನ್ನೇ ಬರೆದಳು. ಮೂರನೆಯ ಸಲವೂ ಅದನ್ನೇ ಬರೆದು, ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿ ಕೇಳಿದಳು:

"ಟೀಚರ್, ಹಿಂಗ್ಯಾಕ ಕೂಡಸಬಾರದ್ರಿ? ಮ್ಯಾಲಿಂದು ಮ್ಯಾಲ, ಕೆಳಗಿಂದು ಕೆಳಗ?"

ಎಷ್ಟು ಒಳ್ಳೆಯ ಪ್ರಶ್ನೆ. ಒಂದು ರೊಟ್ಟಿಯನ್ನು ಮುರಿದು ತೋರಿಸಿದ್ದರೆ ಐದು ನಿಮಿಷದಲ್ಲಿ ಅವಳಿಗೂ, ಇಡೀ ತರಗತಿಗೂ ತಿಳಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಕಿವಿಯಲ್ಲಿ ನನ್ನದೇ ಎದೆಬಡಿತ ಕೇಳುತ್ತಿತ್ತು. ಅಂಗೈಯನ್ನು ಪೂರ್ತಿ ಬಿಚ್ಚಿ ಅವಳ ಎಡಗೆನ್ನೆಗೆ ಹೊಡೆದೆ. ಅವಳ ತಲೆ ಹಲಗೆಯ ಚೌಕಟ್ಟಿಗೆ ಬಡಿದು ವಾಪಸು ಬಂತು. ಬಂದ ತಲೆಗೆ ಇನ್ನೊಮ್ಮೆ ಹೊಡೆದೆ. ಈ ಸಲ ಅಂಗೈ ಸರಿಯಾಗಿ ಕಿವಿಯ ಮೇಲೇ ಬಿತ್ತು. ಗಾಳಿ ತುಂಬಿದ ಕಾಗದದ ಚೀಲ ಒಡೆದಂಥ ಸದ್ದು.

ಅವಳು ಅಳಲಿಲ್ಲ. ತಲೆಯನ್ನು ಎಡಕ್ಕೆ ವಾಲಿಸಿ, ನೀರು ಹೊಕ್ಕ ಕಿವಿಯನ್ನು ಕೊಡವುವವರ ಹಾಗೆ ಎರಡು ಸಲ ಕೊಡವಿದಳು. ಆಮೇಲೆ ನನಗೇ ಹೇಳಿದಳು:

"ಟೀಚರ್, ಒಳಗ ಏನೋ ಸೀಟಿ ಹೊಡಿಯಾಕತ್ತೈತ್ರಿ."

ಕಿವಿಯಿಂದ ದಾರದಷ್ಟು ತೆಳುವಾಗಿ ರಕ್ತ ಇಳಿದು ಬಿಳಿ ಅಂಗಿಯ ಕಾಲರಿಗೆ ಹತ್ತಿತು.

ಹೆಡ್‌ಮಿಸ್ ಮೈಸೂರು ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಹುಡುಗಿಯ ಕಿವಿಗೆ ಹತ್ತಿ ಇಟ್ಟು ಆಯಾಳ ಜೊತೆ ಮನೆಗೆ ಕಳಿಸಿದರು. ಬಾಗಿಲು ಹಾಕಿ ನನ್ನ ಮೇಲೆ ಸಿಡುಕಿದರು.

"ಏನ್ರೀ ಮಾಡಿಬಿಟ್ರಿ? ಕೈಗೆ ಹೊಡೀರಿ ಅಂದ್ರೆ ಕಪಾಳಕ್ಕೆ ಹೊಡೀತೀರಲ್ಲ!"

ಆಮೇಲೆ ರಿಜಿಸ್ಟರಿನಲ್ಲಿ ತಾವೇ ಬರೆದರು: ವಿದ್ಯಾರ್ಥಿನಿ ಆಟದ ವೇಳೆಯಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದು ಪೆಟ್ಟು ಮಾಡಿಕೊಂಡಳು. ಕೆಳಗೆ ನನ್ನ ಸಹಿ ಬೇಕೆಂದರು. ನಾನು ಮಾಡಿದೆ. ಕೈ ನಡುಗಿ ಅದು ನನ್ನ ಸಹಿಯ ಹಾಗೆಯೇ ಕಾಣಲಿಲ್ಲ. "ಇನ್ನೊಂದ್ಸಲ ಸರಿಯಾಗಿ ಮಾಡಿ" ಎಂದರು. ಎರಡನೆಯ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಮಾಡಿದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದು ನಾವೆಲ್ಲ ಶಿಕ್ಷಕರ ಕೋಣೆಯಲ್ಲಿದ್ದಾಗ ಒಬ್ಬ ಹೆಂಗಸು ಒಳಗೆ ಬಂದಳು. ನನಗಿಂತ ಚಿಕ್ಕವಳು. ಹಣೆಯ ಮೇಲೆ, ತೋಳಿನ ಮೇಲೆ ಕೆಂಪು ಧೂಳು. ಗೋದಾಮಿನಿಂದ ನೇರ ಬಂದಿದ್ದಳೆಂದು ಕಾಣುತ್ತದೆ. ಮೆಲ್ಲಗೇ ಕೇಳಿದಳು:

"ಲೆಕ್ಕದ ಅಕ್ಕೋರು ಯಾರ್ರಿ?"

ನಾನು ಎದ್ದು ನಿಂತೆ. ಅವಳು ಮೇಜು ಸುತ್ತಿಬಂದು ನನ್ನ ಕೆನ್ನೆಗೆ ಹೊಡೆದಳು. ಮಿಕ್ಕವರು ಕುರ್ಚಿ ಸರಿಸಿ ಏಳುವುದರೊಳಗೆ ಇನ್ನೊಂದು ಕೆನ್ನೆಗೂ ಹೊಡೆದಳು. ಕನ್ನಡಕ ಹಾರಿ ಬಿತ್ತು. ಅದರ ಮೇಲೆ ಯಾರದೋ ಕಾಲು ಬಿದ್ದು ಗಾಜು ಚೂರಾಯಿತು. ರಿಜಿಸ್ಟರಿನಲ್ಲಿ ಬರೆದದ್ದು ಆಯಾಳ ಬಾಯಿಂದ ಅವಳಿಗೆ ತಿಳಿದಿರಬೇಕು.

"ಬಿದ್ಲಂತ ಬರದಿಯಂತಲ್ಲ? ಈಗ ನೀನೂ ಬಿದ್ದಿ ಅಂತ ಬರಕೋ! ಸೀಟಿ ಕೇಳಸಾಕತ್ತೈತೇನು? ನನ್ನ ಮಗಳಿಗೆ ರಾತ್ರಿಯೆಲ್ಲಾ ಅದ ಕೇಳಸೈತಿ!"

ಹೆಡ್‌ಮಿಸ್ ಓಡಿಬಂದು, ಪೊಲೀಸರನ್ನು ಕರೆಸುತ್ತೇನೆ ಎಂದರು.

"ಕರಸ್ರಿ. ನನ್ನ ಮಗಳ ಕಿವಿ ಅವರಿಗೇ ತೋರಸ್ತೀನಿ" ಎಂದಳು ಆಕೆ.

ಪೊಲೀಸರನ್ನು ಯಾರೂ ಕರೆಯಲಿಲ್ಲ. ಆಕೆ ಹೋದಳು. ಅಷ್ಟರಲ್ಲಿ ನನ್ನ ಮುಖ ಉರಿಯತೊಡಗಿತ್ತು. ವರ್ಷಗಟ್ಟಲೆ ಮೆಣಸಿನಕಾಯಿ ಮುರಿದ ಕೈ ಅದು. ನೀರು ಹಾಕಿ ತೊಳೆದರೆ ಉರಿ ಕಣ್ಣಿಗೆ ಇಳಿಯಿತು. ಕಣ್ಣು ತೆರೆಯಲಾಗದೆ ನಲ್ಲಿಯ ಕೆಳಗೆ ಕುಕ್ಕರಿಸಿ ಕುಳಿತು ಚೀರಿದೆ. ಆಯಾ ಕೊಬ್ಬರಿಎಣ್ಣೆ ತಂದು ಕೆನ್ನೆಗೆ ಸವರಿದ ಮೇಲೆ ತುಸು ತಡೆಯಿತು. ಆಗ ಕಣ್ಣು ಮುಚ್ಚಿಕೊಂಡೇ ನಾನು ಆಡಿದ ಮೊದಲ ಮಾತು, "ಫ್ಲಾಸ್ಕ್ ಕೊಡು."

ಅದೇ ವಾರದ ಭಾನುವಾರ ಬೆಳಿಗ್ಗೆ ಮೊದಲ ಲೋಟ ಮುಗಿಸಿ ಬಚ್ಚಲಿಗೆ ಹೋದವಳು ವಾಂತಿ ಮಾಡಿಕೊಂಡೆ. ಕಪ್ಪಗೆ, ಪುಡಿಪುಡಿಯಾಗಿ ಬಂತು. ಅತ್ತೆ ನೋಡಿ, ಕುಡಿದ ಕಾಫಿಯೇ ಬಂತು ಎಂದುಕೊಂಡರು.

"ಚರಟಾ ಸಮೇತ ಕುಡದೀಯೇನು?" ಎಂದು ಗದರಿದರು.

ಎರಡನೆಯ ಸಲ ಬಂದದ್ದು ಕೆಂಪಗಿತ್ತು. ಮೂರನೆಯ ಸಲ ಬಚ್ಚಲ ಗೋಡೆಯವರೆಗೂ ಸಿಡಿಯಿತು. ನನಗೆ ನೆನಪಿರುವುದು ಆಟೋರಿಕ್ಷಾದ ಕಂಬಿ ಹಿಡಿದ ಗಂಡನ ಕೈ, ಮತ್ತು ಗುಂಡಿ ಬಂದಾಗೆಲ್ಲ ಡ್ರೈವರನ ಮೇಲೆ ಅವರು ಉರ್ದುವಿನಲ್ಲಿ ಕೂಗುತ್ತಿದ್ದದ್ದು. ಎಂದೂ ದನಿ ಏರಿಸದ ಮನುಷ್ಯ.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ತೆಲುಗಿನ ಡಾಕ್ಟರಮ್ಮ, ಐವತ್ತು ದಾಟಿದವರು. ನಾಡಿ ಹಿಡಿದು ಗಡಿಯಾರ ನೋಡಿ, ಮತ್ತೊಮ್ಮೆ ನೋಡಿದರು. "ಕಾಫೀ ರೋಜುಕಿ ಎನ್ನಿ ಸಾರ್ಲು?" ದಿನಕ್ಕೆ ಎಷ್ಟು ಸಲ ಎಂದು ಕೇಳಿದರು. ನಾನು ನಾಲ್ಕು ಅಂದೆ. ಗಂಡ ತಲೆ ತಗ್ಗಿಸಿ, "ಹನ್ನೆರಡು ಹದಿನಾಲ್ಕು ಆಗ್ತಾವ್ರಿ, ಚಹಾ ಬ್ಯಾರೆ" ಎಂದರು. ತಲೆನೋವಿನ ಗುಳಿಗೆಯ ಪಟ್ಟಿಯನ್ನು ನನ್ನ ಚೀಲದಿಂದ ತೆಗೆದು ಕೊಟ್ಟರು. ಡಾಕ್ಟರಮ್ಮ ಅದರ ಹಿಂಭಾಗದ ಸಣ್ಣ ಅಕ್ಷರ ಓದಿ ಕಣ್ಣು ಮುಚ್ಚಿದರು. ಆಮೇಲೆ ತಮ್ಮ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಕಾಫಿಯಲ್ಲಿರುವ ಕೆಫೀನೇ ಆ ಗುಳಿಗೆಯಲ್ಲೂ ಇದೆ. ಕಾಫಿ ತಪ್ಪಿದ್ದಕ್ಕೆ ಬರುವ ತಲೆನೋವಿಗೆ ನಾನು ಅದನ್ನೇ ನುಂಗುತ್ತಿದ್ದೆ. ಗುಳಿಗೆಯ ಇನ್ನೊಂದು ಔಷಧ ಬರಿಹೊಟ್ಟೆಯನ್ನು ಹುಣ್ಣು ಮಾಡಿದೆ, ಕಾಫಿ ಆ ಹುಣ್ಣಿನ ಮೇಲೆ ಆಮ್ಲ ಸುರಿದಿದೆ. ಕಪ್ಪಗೆ ಬಂದದ್ದು ಕಾಫಿಯ ಚರಟವಲ್ಲ, ಹೊಟ್ಟೆಯಲ್ಲಿ ಕೂತು ಕಪ್ಪಾದ ರಕ್ತ.

ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಿದರು. ಬಾಯಿಗೆ ಏನೂ ಇಲ್ಲ, ಕೈಗೆ ಸಲೈನು. ಎರಡನೆಯ ದಿನ ತಲೆ ಸಿಡಿಯಿತು. ಕರ್ಫ್ಯೂ ದಿನದ ನೋವು ಇದರ ಮುಂದೆ ಏನೂ ಅಲ್ಲ. ಮಂಚದ ಕಬ್ಬಿಣಕ್ಕೆ ಹಣೆ ಚಚ್ಚಿಕೊಂಡೆ. ಹಣೆ ಒಡೆದರೆ ಒಳಗಿನ ನೋವು ಹೊರಗೆ ಹೋದೀತು ಅನ್ನಿಸುತ್ತಿತ್ತು. ಸಲೈನಿನ ಸೂಜಿ ಕಿತ್ತು ಎಸೆದೆ. ನರ್ಸ್ ಬಂದಾಗ ಆಕೆಯ ಕೈಯ ತಟ್ಟೆಯನ್ನು ಒದ್ದೆ. ಗಾಜಿನ ಸಿರಿಂಜು ನೆಲಕ್ಕೆ ಬಿದ್ದು ಚೂರಾಯಿತು. ಒಂದು ಚೂರು ಆಕೆಯ ಪಾದಕ್ಕೆ ಚುಚ್ಚಿತು. ಮತ್ತೊಬ್ಬ ನರ್ಸ್ ಬಂದಳು. ಇಬ್ಬರೂ ಸೇರಿ ಬ್ಯಾಂಡೇಜು ಬಟ್ಟೆಯಿಂದ ನನ್ನ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು. ನಾನು ಅವರ ತಾಯಿತಂದೆಯರನ್ನೆಲ್ಲ ಕನ್ನಡದಲ್ಲಿ ಬೈದೆ. ನಾನು ಎಲ್ಲೂ ಕಲಿಯದ ಬೈಗುಳಗಳು ಬಾಯಿಗೆ ಬಂದವು. ಗಂಡ ಪಕ್ಕದ ಸ್ಟೂಲಿನ ಮೇಲೆ ಕೂತು, ಒದ್ದೆ ಬಟ್ಟೆಯನ್ನು ನನ್ನ ಹಣೆಗೆ ಹಾಕುತ್ತಿದ್ದರು, ನಾನು ತಲೆ ಒದರಿ ಬೀಳಿಸುತ್ತಿದ್ದೆ, ಅವರು ಮತ್ತೆ ಹಾಕುತ್ತಿದ್ದರು.

ಐದನೆಯ ದಿನ ನೋವು ಇಳಿಯಿತು. ಆ ಮಧ್ಯಾಹ್ನ ಮಲಗಿದವಳು ಮರುದಿನ ಬೆಳಿಗ್ಗೆಯೇ ಎದ್ದದ್ದು. ಎದ್ದು ಕೈಯನ್ನು ಮುಂದೆ ಚಾಚಿ ನೋಡಿದೆ. ನಡುಕ ಹೋಗಿರಲಿಲ್ಲ, ಕಡಿಮೆಯಾಗಿತ್ತು.

ಮನೆಗೆ ಬಿಡುವ ದಿನ ಡಾಕ್ಟರಮ್ಮನಿಗೆ ಹುಡುಗಿಯ ವಿಷಯವನ್ನೆಲ್ಲ ಹೇಳಿದೆ. ಕೊನೆಗೆ ಕೇಳಿದೆ, "ಹಾಗಾದರೆ ನಾನು ಹೊಡೆದದ್ದು ಕಾಫಿಯಿಂದಲೇ ಅಲ್ಲವಾ?" ಹೌದು ಅಂದುಬಿಡಲಿ ಎಂದು ಅವರ ಬಾಯಿಯನ್ನೇ ನೋಡುತ್ತಿದ್ದೆ.

ಅವರು ಚೀಟಿ ಬರೆಯುವುದನ್ನು ನಿಲ್ಲಿಸಿದರು. "ಕೈ ನಡುಗುವುದು, ಎದೆ ಬಡಿದುಕೊಳ್ಳುವುದು, ನಿದ್ದೆ ಹೋಗುವುದು, ಸಿಟ್ಟು ಬೇಗ ಏರುವುದು, ಇಷ್ಟೂ ಅದರಿಂದ ಆಗುತ್ತದೆ. ಆದರೆ ನೀವು ನಿಮ್ಮ ಹೆಡ್‌ಮಿಸ್ಸಿಗೆ ಎಂದಾದರೂ ಹೊಡೆದಿದ್ದೀರಾ?"

ಅವರು ಚೀಟಿ ಮುಗಿಸಿ ಕೈಗೆ ಕೊಟ್ಟರು.

ಮನೆಗೆ ಬಂದ ಮೇಲೆ ಎರಡು ದಿನ ಕೂತು ಒಂದು ಕಾಗದ ಬರೆದೆ. ಶಾಲೆಯ ಆಡಳಿತ ಮಂಡಳಿಗೆ. ರಿಜಿಸ್ಟರಿನಲ್ಲಿರುವುದು ಸುಳ್ಳು, ಹುಡುಗಿ ಬಿದ್ದಿಲ್ಲ, ಹೊಡೆದವಳು ನಾನು ಎಂದು. ಗಂಡ ಓದಿ, "ನೌಕರಿ ಹೋಗಬಹುದು" ಎಂದರು. ಕಾಗದವನ್ನು ಮಡಚಿ ನನ್ನ ಕೈಗೆ ಕೊಡುತ್ತಾ, "ಹೋದರ ಹೋಗಲಿ" ಎಂದರು. ಕಾಗದವನ್ನು ಶಾಲೆಗೆ ಕೊಡುವ ಮುಂಚೆ ಹುಡುಗಿಯ ತಾಯಿಗೆ ತೋರಿಸಬೇಕೆಂದು ಇಬ್ಬರೂ ಬೇಗಂ ಬಜಾರಿಗೆ ಹೋದೆವು.

ಗೋದಾಮಿನ ಬಾಗಿಲಿನಲ್ಲೇ ಘಾಟು ಮೂಗಿಗೆ ಹೊಡೆಯಿತು. ಒಳಗೆ ಮೆಣಸಿನಕಾಯಿಯ ರಾಶಿಗಳ ನಡುವೆ ಇಪ್ಪತ್ತು ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಟ್ಟು ಮುರಿಯುತ್ತಿದ್ದರು. ಹುಡುಗಿಯ ತಾಯಿ ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಯಾಕ ಬಂದ್ರಿ?"

ನಿಜ ಬರೆದಿದ್ದೇನೆ, ಓದಿ ನೋಡಿ ಎಂದು ಕಾಗದ ಚಾಚಿದೆ.

"ನನಗ ಓದಾಕ ಬರೂದಿಲ್ಲ. ನೀವ ಓದ್ರಿ."

ನಾನು ಬಗ್ಗಿ, ಮೆಲುದನಿಯಲ್ಲಿ ಓದತೊಡಗಿದೆ.

"ಜೋರಾಗಿ ಓದ್ರಿ. ತರಗತ್ಯಾಗ ಇಷ್ಟ ಮೆಲ್ಲಕ ಮಾತಾಡ್ತೀರೇನು?"

ನಿಂತು ಓದಿದೆ. ಹೆಂಗಸರ ಕೈಗಳು ಒಂದೊಂದಾಗಿ ನಿಂತವು. ಕೆಮ್ಮು ಬಂದು ತಡೆದು ತಡೆದು ಓದಬೇಕಾಯಿತು. ಎಡಗೆನ್ನೆಯ ಮೇಲೆ ಒಮ್ಮೆ, ಎಡಗಿವಿಯ ಮೇಲೆ ಒಮ್ಮೆ, ಅಂಗೈಯಿಂದ, ಬಲವಾಗಿ ಹೊಡೆದೆನು, ಎಂದು ಓದಿದೆ. ಒಬ್ಬ ಮುದುಕಿ "ಅಯ್ಯೋ ಶಿವನ" ಅಂದಳು. ಮುಂದಿನ ಸಾಲು ಹೀಗಿತ್ತು: ಅತಿಯಾದ ಕಾಫಿ ಸೇವನೆಯಿಂದ ಆ ದಿನಗಳಲ್ಲಿ ನನ್ನ ಆರೋಗ್ಯ ಕೆಟ್ಟಿದ್ದು, ಮನಸ್ಸು ಹಿಡಿತದಲ್ಲಿರಲಿಲ್ಲ.

"ನಿಲ್ಲರಿ" ಎಂದಳು ಆಕೆ. "ಅದೇನದು ಕಾಫಿ?"

ಹೇಳಿದೆ. ಹೊಟ್ಟೆಯ ಹುಣ್ಣು, ರಕ್ತವಾಂತಿ, ಮಂಚಕ್ಕೆ ಕೈ ಕಟ್ಟಿದ್ದು, ಎಲ್ಲ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನಿಮಗ ಭಾಳ ತ್ರಾಸ ಆಗೇತಿ, ಖರೆ. ಆದರ ಅದನ್ನ ತಗೀರಿ. ನನ್ನ ಮಗಳೇನು ನಿಮಗ ಕಾಫಿ ಕುಡಿಸಿದ್ಲೇನು?"

ಗಂಡ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಮೆಣಸಿನಕಾಯಿಯ ಚೀಲದ ಮೇಲೆ ಕಾಗದ ಇಟ್ಟು ಆ ಸಾಲನ್ನು ಹೊಡೆದುಹಾಕಿದೆ. ಆಕೆ ಬಗ್ಗಿ ನೋಡಿ, ಗೀಟು ಬಿದ್ದದ್ದನ್ನು ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಂಡಳು. "ಈಗ ಕೊಡ್ರಿ ಅವರಿಗೆ" ಎಂದು ಮತ್ತೆ ಕೆಲಸಕ್ಕೆ ಕೈ ಹಚ್ಚಿದಳು. ಹುಡುಗಿಯನ್ನು ನೋಡಬಹುದೇ ಎಂದು ಕೇಳಿದೆ. "ಬ್ಯಾಡ" ಎಂದಳು.

ಕಾಗದ ಕೊಟ್ಟೆ. ಹೆಡ್‌ಮಿಸ್ ನನ್ನ ಜೊತೆ ಮಾತು ಬಿಟ್ಟರು, ಅವರ ಸುಳ್ಳೂ ಅದರಲ್ಲೇ ಹೊರಬಿದ್ದಿತ್ತು. ನನ್ನನ್ನು ಮೂರು ತಿಂಗಳು ಅಮಾನತ್ತಿನಲ್ಲಿಟ್ಟರು. ಕನ್ನಡದಲ್ಲಿ ಗಣಿತ ಕಲಿಸುವವರು ಆ ಊರಿನಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಆ ಕಾರಣಕ್ಕೇ ಇರಬೇಕು, ಆಮೇಲೆ ಮತ್ತೆ ಕರೆದರು. ಅಷ್ಟರಲ್ಲಿ ಆ ತಾಯಿ ಮಗಳನ್ನು ಬಿಡಿಸಿ ಮನೆಯ ಹತ್ತಿರದ ತೆಲುಗು ಶಾಲೆಗೆ ಹಾಕಿದ್ದಳು. ಕಿವಿಯ ಪರದೆಯ ತೂತು ಆರೇಳು ವಾರದಲ್ಲಿ ತಾನಾಗಿ ಕೂಡಿಕೊಂಡಿತಂತೆ. ಆದರೂ ಆ ಕಿವಿ ಮೊದಲಿನಂತೆ ಕೇಳುವುದಿಲ್ಲವೆಂದು ಅವಳ ನೆರೆಮನೆಯ ಹುಡುಗಿಯೊಬ್ಬಳು ನನಗೆ ಹೇಳಿದಳು.

ನಾನು ಕಾಫಿ ಮುಟ್ಟಲಿಲ್ಲ, ಚಹಾವನ್ನೂ ಮುಟ್ಟಲಿಲ್ಲ. ಊಟ ಹೊಟ್ಟೆಗೆ ಹತ್ತಿತು, ನಿದ್ದೆ ಬಂತು. ಸೀಮೆಸುಣ್ಣ ಮುರಿಯುವುದು ನಿಂತಿತು. ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ನಾನು ಬೇರೆ ಹೆಂಗಸಾಗಿದ್ದೇನೆ ಎಂದು ನಂಬಿದ್ದೆ. ಕಾಫಿ ಬಿಟ್ಟ ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಹೋದ ದಿನ, ಆರನೇ ಇಯತ್ತೆಯ ಹುಡುಗಿಯೊಬ್ಬಳು ನಾನು ಹೇಳುತ್ತಿರುವಾಗ ಕಿಟಕಿಯ ಹೊರಗೆ ನೋಡಿ ನಕ್ಕಳು. ನನ್ನ ಕೈ ಎದ್ದು ಅವಳ ಬೆನ್ನಿಗೆ ಬಿತ್ತು. ದೊಡ್ಡ ಪೆಟ್ಟಲ್ಲ. ಆದರೆ ಎದೆ ಬಡಿದುಕೊಂಡಿರಲಿಲ್ಲ, ಕೈ ನಡುಗಿರಲಿಲ್ಲ, ತಲೆ ನೋಯುತ್ತಿರಲಿಲ್ಲ. ಶಾಂತವಾಗಿದ್ದುಕೊಂಡೇ ಹೊಡೆದಿದ್ದೆ.

ತರಗತಿ ಮುಗಿಯುವವರೆಗೆ ಕುರ್ಚಿಯಿಂದ ಏಳಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಘಂಟೆ ಹೊಡೆದ ಮೇಲೆ ಹೆಡ್‌ಮಿಸ್ಸಿನ ಕೋಣೆಗೆ ಹೋಗಿ, ಇನ್ನು ಮುಂದೆ ಬಾಗಿಲು ಹಾಕಿದ ಕೋಣೆಯಲ್ಲಿ ನನ್ನನ್ನು ಮಕ್ಕಳ ಜೊತೆ ಬಿಡಬೇಡಿ ಎಂದೆ. ಎಷ್ಟೋ ತಿಂಗಳ ನಂತರ ಅವರು ನನ್ನ ಮುಖ ನೋಡಿ ಮಾತಾಡಿದರು.

"ಈಗ ಏನು ಕುಡಿದಿದ್ರಿ?"

"ಏನೂ ಇಲ್ಲ."

ಅವರು ನನಗೆ ಗ್ರಂಥಾಲಯ ವಹಿಸಿದರು. ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಇಬ್ಬಿಬ್ಬರಂತೆ ತಮ್ಮ ಕೋಣೆಗೇ ಕರೆಸಿ, ತಮ್ಮ ಮೇಜಿನ ಎದುರಿಗೆ ಕೂರಿಸಿ ನನ್ನಿಂದ ಪಾಠ ಹೇಳಿಸಿದರು. ತಾವು ಹಾಜರಿ ಪುಸ್ತಕ ತಿದ್ದುತ್ತಾ, ನನ್ನ ದನಿ ಏರಿದರೆ ಪೆನ್ನು ಕೆಳಗಿಡುತ್ತಿದ್ದರು. ಅವರು ನಿವೃತ್ತರಾಗುವವರೆಗೆ ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ನಾನು ತರಗತಿಗೆ ಮರಳಲು ಅರ್ಜಿ ಹಾಕಲಿಲ್ಲ.

ಆ ಹುಡುಗಿಯನ್ನು ಮತ್ತೆ ನೋಡಿದ್ದು ಒಂದೇ ಸಲ. ಕೋಠಿಯ ಬಸ್‌ಸ್ಟಾಪಿನಲ್ಲಿ, ಸಂಜೆ. ಎತ್ತರವಾಗಿದ್ದಳು, ಬೇರೆ ಶಾಲೆಯ ನೀಲಿ ಲಂಗ. ಪಕ್ಕದಲ್ಲಿ ಒಬ್ಬ ಗೆಳತಿ. ನಾನು ಅವಳ ಎಡಕ್ಕೆ, ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಹೆಸರು ಹಿಡಿದು ಕರೆದೆ. ಅವಳು ತಿರುಗಲಿಲ್ಲ. ಮತ್ತೆ ಕರೆದೆ. ಬಲಗಡೆಯಿದ್ದ ಗೆಳತಿಗೆ ಕೇಳಿಸಿತು. ಅವಳು ಹುಡುಗಿಯ ತೋಳು ತಟ್ಟಿ ನನ್ನ ಕಡೆ ತೋರಿಸಿದಳು. ಹುಡುಗಿ ತಿರುಗಿ ನೋಡಿದಳು. ಗುರುತು ಹಿಡಿದಳು, ಅದು ಕಣ್ಣಿನಲ್ಲೇ ಕಂಡಿತು. ನಾನು ಬಾಯಿ ತೆರೆಯುವುದರೊಳಗೆ ಬಸ್ಸು ಬಂತು. ಅವಳು ಚೀಲವನ್ನು ಹೆಗಲ ಮೇಲೆ ಸರಿಯಾಗಿ ಏರಿಸಿಕೊಂಡು, ಗೆಳತಿಯ ಕೈ ಹಿಡಿದು ಬಸ್ಸು ಹತ್ತಿದಳು.

ಮೊದಲು ಕರೆದಾಗ ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ, ನನಗೆ ತಿಳಿಯಲಿಲ್ಲ. ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ನಾರಾಯಣಗೂಡದವರೆಗೆ ನಡೆದೇ ಹೋದೆ.